ಹೊಳೆಯ ನಡುಗಡ್ಡೆಗೆ ಕಾನೂನಿನ ಬೇಲಿ: ರಂಗನತಿಟ್ಟಿನ ಅನುಭವ ಮತ್ತು ಹೇಮಾವತಿ ದಂಡೆಯ ರೈತರು

'ಹೊಳೆಯ ನೀರಿಗೆ ದೊಣೆನಾಯಕನ ಅಪ್ಪಣೆಯೇ?' ಎಂಬುದು ನಮ್ಮಲ್ಲಿ ಹಿಂದಿನಿಂದ ಬಂದ ಗಾದೆ. ಹೊಳೆ ಎಲ್ಲರದು, ಅದನ್ನು ಬಳಸಲು ಯಾರ ಅನುಮತಿಯೂ ಬೇಡ ಎಂಬುದು ಇದರ ಅರ್ಥ. ಹೊಳೆಯಿಂದ ಕೊಡದಲ್ಲಿ ನೀರು ತರುತ್ತಿದ್ದ ಕಾಲಕ್ಕೆ ಈ ಮಾತು ಸರಿಯಾಗಿತ್ತು. ಯಂತ್ರಗಳಿಂದ ಮರಳು ತೆಗೆಯುವ, ಸಿಡಿಮದ್ದು ಹಾಕಿ ಮೀನು ಹಿಡಿಯುವ, ಗದ್ದೆಯ ಔಷಧಿಯೆಲ್ಲ ಬಸಿಗಾಲುವೆ ಮೂಲಕ ಹೊಳೆ ಸೇರುವ ಈ ಕಾಲದಲ್ಲಿ ಎಲ್ಲರದಾದದ್ದು ಯಾರದೂ ಅಲ್ಲದಂತಾಗುತ್ತದೆ. ಇದರ ಪೆಟ್ಟು ಮೊದಲು ಬೀಳುವುದು ಹೊಳೆಯ ನಡುವಿನ ಸಣ್ಣ ತಿಟ್ಟುಗಳ ಮೇಲೆ.

ಹಾಸನ, ಹೊಳೆನರಸೀಪುರ, ಅರಕಲಗೂಡು ಮತ್ತು ಚನ್ನರಾಯಪಟ್ಟಣ ತಾಲ್ಲೂಕುಗಳು ಹೇಮಾವತಿ ಹಾಗೂ ಕಾವೇರಿಯ ನೀರನ್ನು ನಂಬಿದ ಪ್ರದೇಶ. ಹೇಮಾವತಿಯು ಕೃಷ್ಣರಾಜಸಾಗರದಲ್ಲಿ ಕಾವೇರಿಯನ್ನು ಸೇರುತ್ತದೆ. ಆ ಜಲಾಶಯದ ಕೆಳಗೆ, ಶ್ರೀರಂಗಪಟ್ಟಣಕ್ಕೆ ಸುಮಾರು 3 ಕಿಲೋಮೀಟರ್ ದೂರದಲ್ಲಿ, ರಂಗನತಿಟ್ಟು ಪಕ್ಷಿಧಾಮವಿದೆ. ಅಂದರೆ ಹಾಸನ ಜಿಲ್ಲೆಯ ಗದ್ದೆಗಳಿಂದ ಬಸಿದ ನೀರಿನ ಒಂದು ಪಾಲು ಕೊನೆಗೆ ಆ ತಿಟ್ಟುಗಳನ್ನು ಸುತ್ತಿ ಹರಿಯುತ್ತದೆ. ಆದ್ದರಿಂದ ರಂಗನತಿಟ್ಟಿಗೆ ಕಾನೂನಿನ ರಕ್ಷಣೆ ದೊರೆತದ್ದು ಹೇಗೆ, ಅದರಿಂದ ಆದ ಅನುಕೂಲವೇನು, ಅದರ ಮಿತಿಗಳೇನು, ಅಂಥ ರಕ್ಷಣೆಯನ್ನು ಮೇಲ್ದಂಡೆಯ ರೈತರು ತಮ್ಮ ಊರಿನಲ್ಲಿ ಪಡೆಯುವುದು ಹೇಗೆ ಎಂಬುದನ್ನು ಈ ಪಾಠದಲ್ಲಿ ವಿವರಿಸಲಾಗಿದೆ.

ನಡುಗಡ್ಡೆಯ ವಿಶೇಷವೇನು?

ನೀರಿನಿಂದ ಸುತ್ತುವರಿದ ನೆಲಕ್ಕೆ ನಾಯಿ, ನರಿ, ಬೆಕ್ಕು, ಮುಂಗುಸಿಗಳು ಸುಲಭವಾಗಿ ಬರಲಾರವು. ದನಕರು ಮೇಯಲು ಹೋಗುವುದಿಲ್ಲ. ಕಟ್ಟಿಗೆಗೆ ಕೊಡಲಿ ಹಿಡಿದು ಹೋಗುವವರೂ ಕಡಮೆ. ಆದ್ದರಿಂದ ಗುಂಪಾಗಿ ಗೂಡು ಕಟ್ಟುವ ನೀರುಹಕ್ಕಿಗಳು ಇಂಥ ಜಾಗವನ್ನು ಆರಿಸಿಕೊಳ್ಳುತ್ತವೆ. ಬಣ್ಣದ ಕೊಕ್ಕರೆ, ಬಾಯಿಕಳಕ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ, ಕೆಂಬರಲು, ಹೆಜ್ಜಾರ್ಲೆ, ನೀರುಕಾಗೆ, ಹಾವಕ್ಕಿ, ಬೆಳ್ಳಕ್ಕಿ ಇವೆಲ್ಲ ತಿಟ್ಟಿನ ಮರ ಪೊದೆಗಳಲ್ಲಿ ಗೂಡು ಕಟ್ಟುತ್ತವೆ. ನದಿ ರೀವದಂಥ ಹಕ್ಕಿಗಳು ಗೂಡನ್ನೇ ಕಟ್ಟದೆ ಬರಿಯ ಮರಳು, ಕಲ್ಲುಗಳ ನಡುವೆ ಮೊಟ್ಟೆಯಿಡುತ್ತವೆ. ಬಂಡೆಗಳ ಮೇಲೆ ಮೊಸಳೆಗಳು ಬಿಸಿಲು ಕಾಯಿಸುತ್ತವೆ. ಬಿಲಗಳಲ್ಲಿ ನೀರುನಾಯಿಗಳು ವಾಸಿಸುತ್ತವೆ.

ಈ ಹಕ್ಕಿಗಳು ತಿಟ್ಟಿನಲ್ಲಿ ಮಲಗುತ್ತವೆಯೇ ಹೊರತು ಅವುಗಳ ಊಟ ಅಲ್ಲಿಲ್ಲ. ಮುಂಜಾನೆ ಹೊರಟು ಸುತ್ತಲಿನ ಗದ್ದೆ, ಕೆರೆ, ನಾಲೆಗಳಲ್ಲಿ ಆಹಾರ ಹುಡುಕಿ ಮರಿಗಳಿಗೆ ಒಯ್ಯುತ್ತವೆ. ಬಾಯಿಕಳಕದ ಮುಖ್ಯ ಆಹಾರ ಬಸವನಹುಳು. ಬೆಳ್ಳಕ್ಕಿಯು ನೇಗಿಲಿನ ಹಿಂದೆಯೇ ನಡೆದು ಮಣ್ಣಿನಿಂದ ಮೇಲೆದ್ದ ಹುಳುಗಳನ್ನು ಆರಿಸುತ್ತದೆ. ಬಕ, ಕೊಕ್ಕರೆಗಳು ಬದು ಕೊರೆಯುವ ಏಡಿಗಳನ್ನೂ ತಿನ್ನುತ್ತವೆ. ಈ ಕೆಲಸಕ್ಕೆ ರೈತನು ಕೂಲಿ ಕೊಡಬೇಕಾಗಿಲ್ಲ. ಆದರೆ ನೀರುಕಾಗೆ, ಹೆಜ್ಜಾರ್ಲೆಗಳು ಮೀನು ಸಾಕಿದ ಕೆರೆಗೆ ಬಂದರೆ ಗುತ್ತಿಗೆದಾರನಿಗೆ ನಷ್ಟವಾಗುವುದೂ ಉಂಟು. ಲಾಭ ನಷ್ಟ ಎರಡನ್ನೂ ತಿಳಿದೇ ಮುಂದಿನ ಮಾತನ್ನು ಆಲೋಚಿಸಬೇಕು.

ನಡುಗಡ್ಡೆಯಿಂದ ಜಮೀನಿಗೂ ಉಪಕಾರವಿದೆ. ಬೇರು ಬಿಟ್ಟ ಮರಗಳಿರುವ ತಿಟ್ಟು ಪ್ರವಾಹದ ರಭಸವನ್ನು ಒಡೆಯುತ್ತದೆ, ಮರಳನ್ನು ತಡೆದು ನಿಲ್ಲಿಸುತ್ತದೆ. ಮರಳು ತೆಗೆದಂತೆ ಹೊಳೆಯ ತಳ ಇಳಿಯುತ್ತದೆ. ತಳ ಇಳಿದರೆ ದಂಡೆಯ ಬಾವಿಗಳ ನೀರಿನ ಮಟ್ಟವೂ ಇಳಿಯುತ್ತದೆ, ಪಂಪ್‌ಸೆಟ್ಟಿನ ಹೀರುಕೊಳವೆ ನೀರಿಗೆ ಎಟುಕುವುದಿಲ್ಲ, ಬುಡ ಸಡಿಲವಾದ ದಂಡೆ ಮುಂದಿನ ಮಳೆಗಾಲದಲ್ಲಿ ಕುಸಿಯುತ್ತದೆ. ತಿಟ್ಟು ಕರಗಿದ ವರ್ಷ ಹೋಗುವುದು ಹಕ್ಕಿಯ ಗೂಡು. ಮುಂದೆ ಒಂದು ದಿನ ಹೋಗುವುದು ದಂಡೆಯ ಮೇಲಿನ ತೆಂಗಿನ ಮರ.

ರಂಗನತಿಟ್ಟಿನ ಕಥೆ

ರಂಗನತಿಟ್ಟಿನ ತಿಟ್ಟುಗಳು ಉಂಟಾದದ್ದು ಒಂದು ಒಡ್ಡಿನಿಂದ ಎಂಬ ಸಂಗತಿ ಅನೇಕರಿಗೆ ತಿಳಿಯದು. 1645 ರಿಂದ 1648 ರ ಅವಧಿಯಲ್ಲಿ ಮೈಸೂರಿನ ಅರಸು ಕಂಠೀರವ ನರಸರಾಜ ಒಡೆಯರು ಕಾವೇರಿಗೆ ಅಡ್ಡಲಾಗಿ ಒಡ್ಡು ಕಟ್ಟಿಸಿದರು. ಒಡ್ಡಿನ ಹಿಂದೆ ನೀರು ನಿಂತು, ಎತ್ತರದ ಭಾಗಗಳು ತಿಟ್ಟುಗಳಾಗಿ ಉಳಿದವು. ಹೊಳೆಗೆ ಮನುಷ್ಯನು ಕಟ್ಟಿದ ಕಟ್ಟೆಯೇ ಹಕ್ಕಿಗಳಿಗೆ ಮನೆಯಾಯಿತು. ವ್ಯವಸಾಯಕ್ಕೂ ವನ್ಯಜೀವಿಗೂ ಹುಟ್ಟಿನಿಂದಲೇ ವೈರ ಎನ್ನುವವರು ಈ ಉದಾಹರಣೆಯನ್ನು ಗಮನಿಸಬೇಕು.

ಸುಮಾರು ಮುನ್ನೂರು ವರ್ಷ ಈ ತಿಟ್ಟುಗಳಿಗೆ ಯಾವ ಕಾನೂನಿನ ರಕ್ಷಣೆಯೂ ಇರಲಿಲ್ಲ. ಪ್ರಸಿದ್ಧ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರು ಮೈಸೂರು ಸಂಸ್ಥಾನದ ಪಕ್ಷಿಗಳ ಸಮೀಕ್ಷೆಗೆಂದು ಬಂದಾಗ ಇಲ್ಲಿನ ಗೂಡುಗಳನ್ನು ಕಂಡು, ಈ ಜಾಗವನ್ನು ಕಾಪಾಡಬೇಕೆಂದು ಅರಸರ ಮನವೊಲಿಸಿದರು. 1940 ರಲ್ಲಿ ರಂಗನತಿಟ್ಟು ಪಕ್ಷಿಧಾಮವೆಂದು ಘೋಷಿತವಾಯಿತು. ಪಕ್ಷಿಧಾಮದ ವಿಸ್ತೀರ್ಣ ಒಂದು ಚದರ ಕಿಲೋಮೀಟರಿಗೂ ಕಡಮೆ. ಇಷ್ಟು ಚಿಕ್ಕ ಜಾಗದಲ್ಲಿ ಸಾವಿರಾರು ಹಕ್ಕಿಗಳು ಪ್ರತಿ ವರ್ಷ ಸಂತಾನಾಭಿವೃದ್ಧಿ ಮಾಡುತ್ತವೆ. ವನ್ಯಜೀವಿ ರಕ್ಷಣೆಗೆ ದೊಡ್ಡ ಕಾಡೇ ಬೇಕೆಂದಿಲ್ಲ, ಸರಿಯಾದ ಜಾಗ ಸರಿಯಾದ ಕಾಲದಲ್ಲಿ ಕೈತಪ್ಪದಿದ್ದರೆ ಸಾಕು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

2022 ರಲ್ಲಿ ರಂಗನತಿಟ್ಟಿಗೆ ಇನ್ನೊಂದು ಮನ್ನಣೆ ದೊರೆಯಿತು. ಜೌಗು ಪ್ರದೇಶಗಳ ರಕ್ಷಣೆಗಾಗಿ 1971 ರಲ್ಲಿ ಇರಾನ್ ದೇಶದ ರಾಮ್ಸಾರ್ ಪಟ್ಟಣದಲ್ಲಿ ಒಂದು ಅಂತರರಾಷ್ಟ್ರೀಯ ಒಪ್ಪಂದವಾಯಿತು. ಭಾರತವು 1982 ರಲ್ಲಿ ಅದನ್ನು ಸೇರಿತು. ಆ ಒಪ್ಪಂದದ ಪಟ್ಟಿಗೆ ಸೇರಿದ ಕರ್ನಾಟಕದ ಮೊದಲ ತಾಣ ರಂಗನತಿಟ್ಟು. ಪಟ್ಟಿಯಲ್ಲಿ ನಮೂದಾದ ವಿಸ್ತೀರ್ಣ ಸುಮಾರು 518 ಹೆಕ್ಟೇರ್. ತಿಟ್ಟುಗಳನ್ನಷ್ಟೇ ಅಲ್ಲದೆ ಅವುಗಳ ಸುತ್ತಲಿನ ಹೊಳೆಯ ಪಾತ್ರವನ್ನೂ ಸೇರಿಸಿದ್ದರಿಂದ ಇದು ಪಕ್ಷಿಧಾಮಕ್ಕಿಂತ ದೊಡ್ಡದಾಗಿದೆ.

ಕಾನೂನಿನಿಂದ ಆಗುವುದು, ಆಗದಿರುವುದು

ಘೋಷಣೆಯಿಂದ ಬೇಟೆ ನಿಂತಿತು, ಮರ ಕಡಿಯುವುದು ನಿಂತಿತು, ಕಾವಲುಗಾರರು ಬಂದರು. ಆದರೆ ನೀರು ಕಾನೂನನ್ನು ಓದುವುದಿಲ್ಲ. 2018 ಮತ್ತು 2019 ರಲ್ಲಿ ಕೃಷ್ಣರಾಜಸಾಗರದಿಂದ ಭಾರಿ ಪ್ರಮಾಣದಲ್ಲಿ ನೀರು ಬಿಡಬೇಕಾಗಿ ಬಂದಾಗ ತಿಟ್ಟುಗಳು ಮುಳುಗಿ, ತಗ್ಗಿನ ಗೂಡುಗಳು ಕೊಚ್ಚಿಹೋದವು. ಸವೆದ ತಿಟ್ಟುಗಳ ಅಂಚಿಗೆ ಮರಳಿನ ಚೀಲ ಜೋಡಿಸಿ ಭದ್ರಪಡಿಸಬೇಕಾಯಿತು. ಅದೇ ರೀತಿ ಪಕ್ಷಿಧಾಮದ ಗಡಿಯಾಚೆಯ ಗದ್ದೆಯಲ್ಲಿ ವಿಷ ತಿಂದ ಹುಳುವನ್ನು ನುಂಗಿದ ಹಕ್ಕಿಯನ್ನು ಗಡಿಯೊಳಗಿನ ಕಾವಲುಗಾರನು ಉಳಿಸಲಾರನು.

ಆದ್ದರಿಂದ ಕಾನೂನನ್ನು ಬೇಲಿಗೆ ಹೋಲಿಸಬಹುದು. ಬೇಲಿ ದನವನ್ನು ತಡೆಯುತ್ತದೆ, ರೋಗವನ್ನು ತಡೆಯುವುದಿಲ್ಲ. ಬೇಲಿಯೂ ಬೇಕು, ಒಳ್ಳೆಯ ಬೇಸಾಯವೂ ಬೇಕು.

ಯಾವ ಜಾಗಕ್ಕೆ ಯಾವ ಕಾನೂನು?

'ವನ್ಯಜೀವಿ' ಎಂಬ ಮಾತು ಕೇಳಿದೊಡನೆ ಅರಕಲಗೂಡು ಕಡೆಯ ರೈತನಿಗೆ ನೆನಪಾಗುವುದು ಬೆಳೆ ತುಳಿಯುವ ಆನೆ. 'ಘೋಷಣೆ' ಎಂದೊಡನೆ ನೆನಪಾಗುವುದು ಜಮೀನು ಹೋದೀತೆಂಬ ಭಯ. ಹೇಮಾವತಿ ಅಣೆಕಟ್ಟಿನ ಹಿನ್ನೀರಿನಲ್ಲಿ ಊರು, ಹೊಲ ಕಳೆದುಕೊಂಡ ಮನೆತನಗಳಿರುವ ಜಿಲ್ಲೆಯಲ್ಲಿ ಈ ಭಯ ಸಹಜವೇ. ಆದರೆ ಎಲ್ಲ ಘೋಷಣೆಗಳೂ ಒಂದೇ ಬಗೆಯವಲ್ಲ. ಮುಖ್ಯವಾದವು ನಾಲ್ಕು.

1. ವನ್ಯಜೀವಿಧಾಮ: 1972 ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ರಾಜ್ಯ ಸರ್ಕಾರ ಘೋಷಿಸುತ್ತದೆ. ರಂಗನತಿಟ್ಟು ಈ ವರ್ಗಕ್ಕೆ ಸೇರಿದೆ. ಮೊದಲು ಉದ್ದೇಶದ ಪ್ರಕಟಣೆ, ಅನಂತರ ಆ ಜಾಗದಲ್ಲಿ ಯಾರ್ಯಾರಿಗೆ ಯಾವ ಹಕ್ಕುಗಳಿವೆ ಎಂಬುದರ ವಿಚಾರಣೆ, ಕೊನೆಗೆ ಅಂತಿಮ ಘೋಷಣೆ. ನಿರ್ಬಂಧಗಳು ಹೆಚ್ಚು. ಪ್ರವೇಶಕ್ಕೂ ಅನುಮತಿ ಬೇಕು.

2. ಸಂರಕ್ಷಣಾ ಮೀಸಲು: 2002 ರ ತಿದ್ದುಪಡಿಯಿಂದ ಬಂದ ಹೊಸ ವರ್ಗ. ಇದು ಸರ್ಕಾರಿ ಜಮೀನಿಗೆ ಮಾತ್ರ ಅನ್ವಯಿಸುತ್ತದೆ. ಸ್ಥಳೀಯ ಜನರೊಡನೆ ಸಮಾಲೋಚಿಸಿದ ಮೇಲೆಯೇ ಘೋಷಿಸಬೇಕು. ನಿರ್ವಹಣಾ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಪ್ರತಿನಿಧಿಗೆ ಸ್ಥಾನವುಂಟು. ತುಂಗಭದ್ರಾ ನದಿಯ ಒಂದು ಭಾಗವನ್ನು ನೀರುನಾಯಿಗಳಿಗಾಗಿ ಹೀಗೆ ಕಾದಿರಿಸಲಾಗಿದೆ. ಹೊಳೆಯ ಪಾತ್ರದಲ್ಲಿರುವ, ಯಾರ ಖಾತೆಗೂ ಸೇರದ ತಿಟ್ಟುಗಳಿಗೆ ಇದು ಸೂಕ್ತವಾದುದು.

3. ಸಮುದಾಯ ಮೀಸಲು: ಇದೂ ಅದೇ ತಿದ್ದುಪಡಿಯಿಂದ ಬಂದದ್ದು. ಖಾಸಗಿ ಅಥವಾ ಸಮುದಾಯದ ಜಮೀನಿನ ಒಡೆಯರು ತಾವಾಗಿಯೇ ಮುಂದೆ ಬಂದರೆ ಮಾತ್ರ ಘೋಷಣೆ. ಜಮೀನಿನ ಒಡೆತನ ಬದಲಾಗುವುದಿಲ್ಲ. ಘೋಷಣೆಯಾದ ಮೇಲೆ ನಿರ್ವಹಣಾ ಸಮಿತಿಯ ಠರಾವು ಮತ್ತು ಸರ್ಕಾರದ ಒಪ್ಪಿಗೆ ಇಲ್ಲದೆ ಭೂಬಳಕೆಯ ರೀತಿಯನ್ನು ಬದಲಾಯಿಸುವಂತಿಲ್ಲ.

4. ಜೀವವೈವಿಧ್ಯ ಪಾರಂಪರಿಕ ತಾಣ: 2002 ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಸ್ಥಳೀಯ ಸಂಸ್ಥೆಗಳೊಡನೆ ಸಮಾಲೋಚಿಸಿ ಘೋಷಿಸುವ ತಾಣ. ದೇವನಹಳ್ಳಿ ಬಳಿಯ ನಲ್ಲೂರಿನ ಹುಣಿಸೆ ತೋಪು 2007 ರಲ್ಲಿ ದೇಶದ ಮೊದಲ ಇಂಥ ತಾಣವಾಯಿತು. ಘೋಷಣೆಯಿಂದ ಯಾರಿಗಾದರೂ ಆರ್ಥಿಕ ನಷ್ಟವಾದರೆ ಪರಿಹಾರಕ್ಕೆ ಯೋಜನೆ ರೂಪಿಸಬಹುದೆಂದು ಈ ಕಾಯ್ದೆಯಲ್ಲಿಯೇ ಹೇಳಲಾಗಿದೆ.

ಮೊದಲ ಮೂರು ವರ್ಗಗಳಿಗೂ ಸಮಾನವಾದ ಒಂದು ನಿಯಮವನ್ನು ರೈತರು ಮರೆಯಬಾರದು. ವನ್ಯಜೀವಿಗಳಿಗೆ ಅಪಾಯ ತರುವ ರಾಸಾಯನಿಕ, ಸಿಡಿಮದ್ದುಗಳನ್ನು ಅಲ್ಲಿ ಬಳಸುವಂತಿಲ್ಲ, ಬೆಂಕಿಯನ್ನೂ ಹಚ್ಚುವಂತಿಲ್ಲ. ಹಿಡುವಳಿ ಜಮೀನನ್ನು ಸಮುದಾಯ ಮೀಸಲಿಗೆ ಸೇರಿಸುವ ಮುನ್ನ ಇದನ್ನು ಚೆನ್ನಾಗಿ ಆಲೋಚಿಸಬೇಕು. ಔಷಧಿ ಹೊಡೆಯಲೇಬೇಕಾದ ಶುಂಠಿ, ಆಲೂಗಡ್ಡೆ ತಾಕುಗಳನ್ನು ಹೊರಗಿಟ್ಟು, ಮರಗಳಿರುವ ದಂಡೆಯ ಪಟ್ಟಿಯನ್ನು ಮಾತ್ರ ಸೇರಿಸುವುದು ಜಾಣತನ.

ಬಿಡಿ ಜೀವಿಗಳಷ್ಟೇ ಅಲ್ಲದೆ ಭೂದೃಶ್ಯಕ್ಕೂ ಮನ್ನಣೆ ಉಂಟು. ಉಡುಪಿ ಜಿಲ್ಲೆಯ ಮಲ್ಪೆ ಕಡಲಿನಲ್ಲಿರುವ ಸೇಂಟ್ ಮೇರಿ ದ್ವೀಪಗಳ ಕಂಬದಾಕಾರದ ಶಿಲೆಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿವೆ.

ಕೊಕ್ಕರೆಬೆಳ್ಳೂರಿನ ಪಾಠ

ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಕೊಕ್ಕರೆಬೆಳ್ಳೂರಿನಲ್ಲಿ ಹೊಳೆಯ ನಡುಗಡ್ಡೆಯಿಲ್ಲ. ಅಲ್ಲಿ ಹೆಜ್ಜಾರ್ಲೆ ಮತ್ತು ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಿಸೆ, ಅರಳಿ ಮರಗಳಲ್ಲಿಯೇ ಗೂಡು ಕಟ್ಟುತ್ತವೆ. ಹಕ್ಕಿ ಬರುವುದು ಊರಿಗೆ ಶುಭವೆಂದು ಜನರು ತಲೆತಲಾಂತರದಿಂದ ನಂಬಿದ್ದಾರೆ. ಗೂಡು ಕಟ್ಟಿದ ಮರದ ಹುಣಿಸೆಹಣ್ಣನ್ನು ಇಳಿಸಲಾಗದ ಕಾರಣ ಮಾಲೀಕರಿಗೆ ಅರಣ್ಯ ಇಲಾಖೆಯಿಂದ ಪರಿಹಾರಧನ ಕೊಡುವ ಪದ್ಧತಿ ಬಂದಿತು. 2007 ರಲ್ಲಿ ಇದು ಸಮುದಾಯ ಮೀಸಲೆಂದು ಘೋಷಿತವಾಯಿತು.

ಅಲ್ಲಿನ ರೈತರ ಇನ್ನೊಂದು ಪದ್ಧತಿ ಅನುಕರಣೀಯ. ಮರದ ಕೆಳಗೆ ಗುಂಡಿ ತೋಡಿ, ಬೀಳುವ ಹಕ್ಕಿಯ ಹಿಕ್ಕೆಯನ್ನು ಕೆರೆಗೋಡಿನೊಂದಿಗೆ ಬೆರೆಸಿ ಗೊಬ್ಬರ ಮಾಡುತ್ತಾರೆ. ಮೀನು ತಿನ್ನುವ ಹಕ್ಕಿಯ ಹಿಕ್ಕೆಯಲ್ಲಿ ಸಾರಜನಕ ಮತ್ತು ರಂಜಕ ಹೇರಳವಾಗಿರುತ್ತವೆ. ಹಸಿ ಹಿಕ್ಕೆಯನ್ನು ನೇರವಾಗಿ ಪೈರಿನ ಬುಡಕ್ಕೆ ಹಾಕಿದರೆ ಸುಡುವ ಸಂಭವವಿರುವುದರಿಂದ ಮಣ್ಣಿನೊಂದಿಗೆ ಬೆರೆಸಿ ಕಳಿಸಿಯೇ ಬಳಸತಕ್ಕದ್ದು.

ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ

ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳನ್ನು ದೇವರ ಮೀನುಗಳೆಂದು ಭಾವಿಸಿ ಯಾರೂ ಹಿಡಿಯುವುದಿಲ್ಲ. ವಹ್ನಿ ಪುಷ್ಕರಿಣಿಗೆ ಬಂದ ಭಕ್ತರು ಅವುಗಳಿಗೆ ಆಹಾರ ಹಾಕುತ್ತಾರೆ. ಕಾವೇರಿ ಕಣಿವೆಗೆ ಮಾತ್ರ ಸೀಮಿತವಾದ, ಬೆನ್ನು ಉಬ್ಬಿದ ಮಹಶೀರ್ ಮೀನಿನ ಜಾತಿಯು ಅಳಿವಿನ ಅಂಚಿನಲ್ಲಿದೆ ಎಂದು 2018 ರಲ್ಲಿ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ದಾಖಲಾದುದನ್ನು ನೆನೆದರೆ ಇಂಥ ಮಡುಗಳ ಬೆಲೆ ಎಷ್ಟೆಂದು ತಿಳಿಯುತ್ತದೆ. ಇಲ್ಲಿ ಹಿರಿಯರು ನಂಬಿಕೆಯ ಬೇಲಿ ಹಾಕಿದ್ದರು. ಆದರೆ ನಂಬಿಕೆಯ ಬೇಲಿ ಮಡುವಿನ ಆಚೆಗೆ ಹಬ್ಬಿಲ್ಲ. ಒಳನಾಡಿನ ನೀರಿನಲ್ಲಿ ಸಿಡಿಮದ್ದು ಅಥವಾ ವಿಷ ಹಾಕಿ ಮೀನು ಕೊಲ್ಲುವುದು 1897 ರ ಮೀನುಗಾರಿಕೆ ಕಾಯ್ದೆಯ ಕಾಲದಿಂದಲೂ ಅಪರಾಧವೇ ಆಗಿದೆ. ಇದಕ್ಕೆ ಯಾವ ಹೊಸ ಘೋಷಣೆಯೂ ಬೇಕಾಗಿಲ್ಲ.

ರಾಜಮುಡಿ ಭತ್ತಕ್ಕೆ ಹೆಸರಾದ ಹೊಳೆನರಸೀಪುರ ತಾಲ್ಲೂಕಿನ ಶ್ರೀರಾಮದೇವರ ಅಣೆಕಟ್ಟು, ಅರಕಲಗೂಡು ತಾಲ್ಲೂಕಿನ ಕಟ್ಟೇಪುರದ ಅಣೆಕಟ್ಟು ಇವು ರಂಗನತಿಟ್ಟಿನ ಒಡ್ಡಿನಂತೆಯೇ ಹಳೆಯ ಕಾಲದವು. ಇಂಥ ಕಟ್ಟೆಗಳ ಹಿಂದೆ ಹೂಳು ಕೂತು ತಿಟ್ಟುಗಳು ಏಳುವುದು ಸಾಮಾನ್ಯ. ಗೊರೂರಿನಲ್ಲಿ 1979 ರಲ್ಲಿ ಪೂರ್ಣಗೊಂಡ ಹೇಮಾವತಿ ಜಲಾಶಯದ ನೀರು ಬೇಸಿಗೆಯಲ್ಲಿ ಇಳಿದಾಗ ದಿಣ್ಣೆಗಳು ತಲೆಯೆತ್ತುತ್ತವೆ. ಭದ್ರಾ ಜಲಾಶಯದ ಇಂಥ ದಿಣ್ಣೆಗಳ ಮೇಲೆ ನದಿ ರೀವಗಳು ಬೇಸಿಗೆಯಲ್ಲಿ ನೂರಾರು ಸಂಖ್ಯೆಯಲ್ಲಿ ಮರಿ ಮಾಡುತ್ತವೆ. ತಮ್ಮ ಊರ ಎದುರಿನ ದಿಣ್ಣೆಯಲ್ಲಿಯೂ ಹಾಗೆ ನಡೆಯುತ್ತದೆಯೇ ಎಂಬುದನ್ನು ದಂಡೆಯ ರೈತರೂ ಮೀನುಗಾರರೂ ಗಮನಿಸಿ ದಾಖಲಿಸಬೇಕು. ಚನ್ನರಾಯಪಟ್ಟಣ ತಾಲ್ಲೂಕಿನಲ್ಲಿ ಹೊಳೆಗಿಂತ ಕೆರೆಗಳದ್ದೇ ಪ್ರಾಧಾನ್ಯ. ಕೆರೆಯಂಗಳದ ಜಾಲಿ ಮರಗಳಿರುವ ದಿಬ್ಬವೂ ಹಕ್ಕಿಗೆ ನಡುಗಡ್ಡೆಯೇ. ಹೂಳೆತ್ತುವಾಗ ಅದನ್ನು ನೆಲಸಮ ಮಾಡದೆ ಉಳಿಸಿಕೊಂಡರೆ ಕೆರೆಯ ನೀರಿನ ಸಂಗ್ರಹಕ್ಕೆ ಹೇಳುವಂಥ ಕೊರತೆಯಾಗದು.

ರಕ್ಷಣೆ ಪಡೆಯುವ ಕ್ರಮ

1. ತಿಟ್ಟಿನಲ್ಲಿ ಯಾವ ತಿಂಗಳು ಯಾವ ಹಕ್ಕಿ ಎಷ್ಟು ಗೂಡು ಕಟ್ಟುತ್ತದೆ ಎಂಬುದನ್ನು ದಂಡೆಯಿಂದಲೇ ನೋಡಿ ಕನಿಷ್ಠ ಎರಡು ವರ್ಷ ಬರೆದಿಡಬೇಕು. ಗೂಡಿನ ಕಾಲದಲ್ಲಿ ತಿಟ್ಟಿಗೆ ಇಳಿಯಬಾರದು. ಹಕ್ಕಿ ಎದ್ದು ಹಾರಿದರೆ ಮೊಟ್ಟೆ, ಮರಿಗಳು ಬಿಸಿಲಿಗೂ ಕಾಗೆಗೂ ತುತ್ತಾಗುತ್ತವೆ.

2. ಜಾಗ ಯಾರದು ಎಂಬುದನ್ನು ಗ್ರಾಮ ಆಡಳಿತ ಅಧಿಕಾರಿಗಳ ದಾಖಲೆ ಮತ್ತು ಗ್ರಾಮ ನಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಸರ್ಕಾರಿ ಜಾಗವಾದರೆ ಸಂರಕ್ಷಣಾ ಮೀಸಲು ಅಥವಾ ಪಾರಂಪರಿಕ ತಾಣ, ಹಿಡುವಳಿಯಾದರೆ ಸಮುದಾಯ ಮೀಸಲು.

3. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು ಕಾನೂನು ಹೇಳುತ್ತದೆ. ಆ ಸಮಿತಿಯ ಜನತಾ ದಾಖಲೆಯಲ್ಲಿ ತಿಟ್ಟಿನ ವಿವರ ಸೇರಿಸಬೇಕು.

4. ಗ್ರಾಮಸಭೆಯಲ್ಲಿ ಚರ್ಚಿಸಿ ಠರಾವು ಮಾಡಬೇಕು. ಮೀನುಗಾರರು, ದನ ಕಾಯುವವರು, ದಂಡೆಯಲ್ಲಿ ಪಂಪ್‌ಸೆಟ್ ಇರುವವರು ಇವರೆಲ್ಲರ ಹಕ್ಕುಗಳನ್ನು ಠರಾವಿನಲ್ಲಿಯೇ ಬರೆಸಬೇಕು. ಅನಂತರ ತಕರಾರು ಬರುವುದು ಇಲ್ಲಿ ಬಿಟ್ಟುಹೋದವರಿಂದಲೇ.

5. ಠರಾವಿನ ಪ್ರತಿಯನ್ನು ಜಿಲ್ಲೆಯ ಅರಣ್ಯ ಉಪಸಂರಕ್ಷಣಾಧಿಕಾರಿಗಳಿಗೆ ಅಥವಾ ರಾಜ್ಯ ಜೀವವೈವಿಧ್ಯ ಮಂಡಳಿಗೆ ಸಲ್ಲಿಸಬೇಕು.

ಘೋಷಣೆಗೆ ವರ್ಷಗಳೇ ಹಿಡಿಯಬಹುದು. ಅಲ್ಲಿಯವರೆಗೆ ಮರಳು ಉಳಿದಿರಬೇಕಲ್ಲವೇ? ಅನುಮತಿಯಿಲ್ಲದೆ ಮರಳು ತೆಗೆಯುವುದು ಈಗಲೂ ಅಪರಾಧವೇ ಆದ್ದರಿಂದ ತಹಸೀಲ್ದಾರರಿಗೆ ಲಿಖಿತ ದೂರನ್ನು ಕೊಡಬಹುದು. ಒಬ್ಬರೇ ಹೋಗುವುದಕ್ಕಿಂತ ಪಂಚಾಯಿತಿಯ ಮೂಲಕ ಹೋಗುವುದು ಕ್ಷೇಮ.

ಬೇಸಾಯದಲ್ಲಿ ವಹಿಸಬೇಕಾದ ಎಚ್ಚರ

ಫೋರೇಟ್ ಹರಳು ಔಷಧಿಯನ್ನು 2020 ರ ಡಿಸೆಂಬರ್ 31 ರಿಂದ ದೇಶದಲ್ಲಿ ನಿಷೇಧಿಸಲಾಗಿದೆ. ಹಳೆಯ ದಾಸ್ತಾನು ಉಳಿದಿದ್ದರೂ ಬಳಸಬಾರದು. ಯಾವುದೇ ಹರಳು ಔಷಧಿಯನ್ನು ಮಣ್ಣಿನ ಮೇಲೆ ಚೆಲ್ಲಿ ಬಿಡಬಾರದು, ಹಕ್ಕಿಗಳು ಅದನ್ನು ಕಾಳೆಂದು ತಿಳಿದು ಹೆಕ್ಕುತ್ತವೆ. ಸಿಂಪಡಿಸಿದ ಅನಂತರ ಗದ್ದೆಯ ನೀರನ್ನು ಒಡನೆಯೇ ಬಸಿಯಬಾರದು. ಸಿಂಪರಣಾ ಯಂತ್ರವನ್ನು ನಾಲೆಯಲ್ಲಿ ತೊಳೆಯಬಾರದು. ಹೊಳೆ ದಂಡೆಯಲ್ಲಿ ಹೊಂಗೆ, ನೀರಂಜಿ, ಬಿದಿರುಗಳ ಪಟ್ಟಿಯನ್ನು ಬೆಳೆಸಿದರೆ ಮಣ್ಣೂ ನಿಲ್ಲುತ್ತದೆ, ಔಷಧಿಯ ಅಂಶವೂ ತಡೆಯಲ್ಪಡುತ್ತದೆ.

ಕೆಲವು ಸಂದೇಹಗಳು

ತಿಟ್ಟು ಮೀಸಲಾದರೆ ಎದುರಿನ ದಂಡೆಯ ಜಮೀನು ಹೋಗುತ್ತದೆಯೇ? ಇಲ್ಲ. ಘೋಷಣೆಯಲ್ಲಿ ಸರ್ವೆ ನಂಬರು, ಗಡಿ ನಮೂದಾದ ಜಾಗಕ್ಕೆ ಮಾತ್ರ ಮೀಸಲಿನ ನಿಯಮ ಅನ್ವಯಿಸುತ್ತದೆ. ಆದರೆ ವನ್ಯಜೀವಿಧಾಮವಾದರೆ 1986 ರ ಪರಿಸರ ಸಂರಕ್ಷಣಾ ಕಾಯ್ದೆಯಡಿ ಸುತ್ತಲೂ ಸೂಕ್ಷ್ಮ ವಲಯ ಬರಬಹುದು. ಅದರಲ್ಲಿ ಗಣಿಗಾರಿಕೆಯಂಥ ಕೆಲಸಗಳಿಗೆ ತಡೆ, ಬೇಸಾಯಕ್ಕೆ ತಡೆಯಿಲ್ಲ.

ಘೋಷಣೆಯಾಗದ ತಿಟ್ಟಿನ ಗೂಡನ್ನು ಕೆಡಿಸಬಹುದೇ? ಕೂಡದು. ಕಾಯ್ದೆಯ ಪಟ್ಟಿಯಲ್ಲಿರುವ ಹಕ್ಕಿಯ ಗೂಡು, ಮೊಟ್ಟೆಗಳಿಗೆ ಹಾನಿ ಮಾಡುವುದು ಎಲ್ಲಿಯಾದರೂ ಬೇಟೆಯೆಂದೇ ಪರಿಗಣಿತವಾಗುತ್ತದೆ.

ಪ್ರವಾಸಿಗರು ಬಂದರೆ ಊರಿಗೆ ಲಾಭವಲ್ಲವೇ? ಬರಬಹುದು. ಆದರೆ ದೋಣಿ ಹೆಚ್ಚಾದಷ್ಟೂ ಹಕ್ಕಿ ಕಡಮೆಯಾಗುತ್ತದೆ. ಸಣ್ಣ ತಿಟ್ಟಿಗೆ ದಂಡೆಯ ಮೇಲಿನ ನೋಟವೇ ಸಾಕು.

ಸಾರಾಂಶ

ಆದಿರಂಗ, ಮಧ್ಯರಂಗ, ಅಂತ್ಯರಂಗ ಎಂದು ಕಾವೇರಿಯ ನಡುಗಡ್ಡೆಗಳನ್ನೇ ದೇವರ ವಾಸಸ್ಥಾನವೆಂದು ಭಾವಿಸಿದ ನಾಡು ನಮ್ಮದು. ಗುಡಿಯಿಲ್ಲದ ತಿಟ್ಟುಗಳನ್ನು ಕಾಯುವ ಹೊಣೆ ಕಾನೂನಿನ ಮೇಲೆ ಮತ್ತು ದಂಡೆಯ ರೈತನ ಮೇಲೆ ಬಿದ್ದಿದೆ. ರಂಗನತಿಟ್ಟಿನಲ್ಲಿ 1940 ರಲ್ಲಿ ಒಂದು ಆಜ್ಞೆ ಹೊರಡದಿದ್ದರೆ ಇಂದು ಅಲ್ಲಿ ಏನು ಉಳಿದಿರುತ್ತಿತ್ತು ಎಂಬುದನ್ನು ಊಹಿಸಲು, ತಮ್ಮ ಊರಿನ ಹೊಳೆಯಲ್ಲಿ ಮೂವತ್ತು ವರ್ಷದ ಹಿಂದೆ ಇದ್ದ ತಿಟ್ಟುಗಳನ್ನು ಹಿರಿಯರಿಂದ ಕೇಳಿ ಎಣಿಸಿದರೆ ಸಾಕು.

ರೈತ ಚರ್ಚಾಕೂಟಗಳಿಗೆ ಪ್ರಶ್ನೆಗಳು

1. ನಿಮ್ಮ ಗ್ರಾಮದ ವ್ಯಾಪ್ತಿಯ ಹೊಳೆ ಅಥವಾ ಕೆರೆಯಲ್ಲಿ ಈಗ ಎಷ್ಟು ತಿಟ್ಟುಗಳಿವೆ? ಅವು ಯಾರ ಹೆಸರಿನಲ್ಲಿವೆ?
2. ಅವುಗಳಲ್ಲಿ ಯಾವ ಹಕ್ಕಿಗಳು ಯಾವ ತಿಂಗಳು ಗೂಡು ಕಟ್ಟುತ್ತವೆ?
3. ನಿಮ್ಮ ಪಂಚಾಯಿತಿಯ ಜೀವವೈವಿಧ್ಯ ಸಮಿತಿ ಕಡೆಯ ಬಾರಿ ಸೇರಿದ್ದು ಯಾವಾಗ?
4. ಸಂರಕ್ಷಣಾ ಮೀಸಲು, ಸಮುದಾಯ ಮೀಸಲು ಇವೆರಡರಲ್ಲಿ ನಿಮ್ಮ ಊರಿಗೆ ಯಾವುದು ಹೊಂದುತ್ತದೆ? ಕಾರಣವೇನು?